ಕೊನೆಯ ಪಂಕ್ತಿ

ಅನಘಾ, ಸುಧನ್ವ, ಇದನ್ನು ನಿಮ್ಮಿಬ್ಬರಿಗೆಂದೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಮಾತಾಡಿದರೆ ನಿಮಗೆ ಅರ್ಥವಾಗುತ್ತದೆ, ಅಕ್ಷರ ಕೂಡಿಸಿ ಓದುವುದು ಮಾತ್ರ ಕಷ್ಟ. ನಿಮ್ಮ ಅಮ್ಮನ ಕೈಲಿ ಓದಿಸಿಕೊಳ್ಳಿ. ಅವಳೂ ಇದನ್ನು ಕೇಳಿದವಳಲ್ಲ. ನಿಮ್ಮ ತಾತನ ಜೊತೆ ನಲವತ್ತು ವರ್ಷ ಬಾಳಿದೆ, ಅವರಿಗೂ ಹೇಳಲಿಲ್ಲ. ಹೋದ ತಿಂಗಳು ಅನಘಾ ನೆಲದ ಮೇಲೆ ದೊಡ್ಡ ಚಾರ್ಟ್ ಹಾಸಿಕೊಂಡು ಶಾಲೆಗೆ ಚಿತ್ರ ಬರೆಯುತ್ತಿದ್ದಳು. ಕೆಳಗೆ ಹುಲ್ಲು, ಅದರ ಮೇಲೆ ಮಿಡತೆ, ಮಿಡತೆಯ ಮೇಲೆ ಕಪ್ಪೆ, ಹಾವು, ಎಲ್ಲಕ್ಕೂ ಮೇಲೆ ರೆಕ್ಕೆ ಬಿಚ್ಚಿದ ಗಿಡುಗ. ಒಂದು ಮೂಲೆಯಲ್ಲಿ ಸಣ್ಣ ಚೌಕ ಹಾಕಿ ಒಂದು ಹುಳು, ಒಂದು ಅಣಬೆ ಬರೆದು, ಅವಕ್ಕೆ ಬಣ್ಣ ಹಚ್ಚದೆ ಬಿಟ್ಟಿದ್ದಳು. ಅವು ಏನೆಂದು ಕೇಳಿದೆ. ಡೀಕಂಪೋಸರ್ಸ್ ಅಂದಳು. ಸತ್ತದ್ದನ್ನು, ಕೊಳೆತದ್ದನ್ನು ತಿಂದು ಮಣ್ಣು ಮಾಡುವವು ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದಳು. ಆಮೇಲೆ ತಲೆ ಎತ್ತದೆಯೇ, ಅಜ್ಜಿ, ನಿಮ್ಮ ಮನೆಯಲ್ಲಿ ಗೊಬ್ಬರದ ಗುಂಡಿ ಇತ್ತಾ ಎಂದು ಕೇಳಿದಳು:

"ಪಾಟ್ಟಿ, ಉಂಗ ವೀಟುಲ ಕಂಪೋಸ್ಟ್ ಪಿಟ್ ಇರುಂದುಚ್ಚಾ?"

"ಇತ್ತು ಕಂದ," ಎಂದೆ. ಎದ್ದು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆವತ್ತು ಹೇಳಬೇಕಾದದ್ದನ್ನು ಈಗ ಬರೆಯುತ್ತೇನೆ.

ನಾನು ಊರಿನ ಶಾಲೆಯಲ್ಲಿ ಐದನೆಯ ಕ್ಲಾಸು ಮುಗಿಸುವ ಹೊತ್ತಿಗೆ ಅಪ್ಪ ಮದರಾಸಿನ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ನನ್ನ ತಾತ ತೀರಿಕೊಂಡ ಮೇಲೆ ಹೊಲವನ್ನು ವಾರಕ್ಕೆ, ಫಸಲಿನ ಪಾಲಿಗೆ ಕೊಟ್ಟು, ಅಜ್ಜಿಯನ್ನು, ಅವ್ವನನ್ನು, ನನ್ನನ್ನು ಇಲ್ಲಿಗೆ ಕರೆತಂದ. ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಸಾಲಿನ ಹಿಂದೆ ಒಂದು ಗಲ್ಲಿ, ಗಲ್ಲಿಯೊಳಗೆ ಒಂದು ಹೆಂಚಿನ ಮನೆ. ಮುಂದಿನ ಭಾಗದಲ್ಲಿ ಮನೆಯವರು, ಹಿಂದಿನ ಭಾಗದಲ್ಲಿ ಬಾಡಿಗೆಗೆ ನಾವು. ನಮಗಿದ್ದದ್ದು ಒಂದು ಕೋಣೆ, ಒಂದು ನಡುಮನೆ, ಒಂದು ಅಡುಗೆಮನೆ. ಅಡುಗೆಮನೆಯ ಬಾಗಿಲು ದಾಟಿದರೆ ಎರಡು ಸೀರೆ ಉದ್ದಕ್ಕೆ ಹರಡುವಷ್ಟು ಹಿತ್ತಲು. ಅಲ್ಲೊಂದು ಬಾವಿ, ಒಂದು ನುಗ್ಗೆ ಮರ, ಹಿಂದೆ ಗೋಡೆ, ಗೋಡೆಯಾಚೆ ಯಾರೂ ಮನೆ ಕಟ್ಟದ ಖಾಲಿ ಜಾಗ. ಮುಂದಿನ ಭಾಗಕ್ಕೆ ಮಾತ್ರ ತಾರಸಿ ಇತ್ತು, ಮೆಟ್ಟಿಲು ನಮ್ಮ ಬಾಗಿಲ ಪಕ್ಕದಿಂದಲೇ ಹೋಗುತ್ತಿತ್ತು. ತಮಿಳು ಬಾರದ ಹುಡುಗಿಯನ್ನು ಯಾವ ಶಾಲೆಗೆ ಹಾಕುವುದು ಎಂದು ಅಪ್ಪ ಯೋಚಿಸುತ್ತಲೇ ಒಂದು ವರ್ಷ ಕಳೆಯಿತು, ಎರಡಾಯಿತು, ಆಮೇಲೆ ಯಾರೂ ಯೋಚಿಸಲಿಲ್ಲ. ನಾನೂ ಕೇಳಲಿಲ್ಲ. ನನಗೆ ಬಾಯಿ ಇರಲಿಲ್ಲ. ಊರ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದೆನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮದರಾಸಿಗೆ ಬಂದ ಮೇಲೆ ಕೈ ಎತ್ತುವ ಕೆಲಸವೂ ಹೋಯಿತು. ದಿನವೆಲ್ಲ ಅಜ್ಜಿಯ ಸೆರಗು ಹಿಡಿದು ಹಿತ್ತಲಲ್ಲಿ ಇರುತ್ತಿದ್ದೆ.

ಬಂದ ಮೂರನೆಯ ದಿನ ಅಜ್ಜಿ ಗುದ್ದಲಿ ಕೇಳಿದಳು. ನುಗ್ಗೆ ಮರದ ಆಚೆ, ಗೋಡೆಯ ಮೂಲೆಯಲ್ಲಿ ಸೊಂಟದ ಆಳಕ್ಕೆ ಒಂದು ಗುಂಡಿ ತೋಡಿಸಿದಳು. ತಿಪ್ಪೆಯಿಲ್ಲದ ಮನೆ ಅವಳ ಕಣ್ಣಿಗೆ ಮನೆಯೇ ಅಲ್ಲ. ಮನೆಯ ಒಡತಿ ಜಗಲಿಯಿಂದ ನೋಡಿ ಅವ್ವನಿಗೆ ಹೇಳಿದರು:

"ಎನ್ನಮ್ಮಾ, ಇರುಕ್ಕುರ ಕಿಣರು ಪೋದಾದಾ ಉಂಗ ಮಾಮಿಯಾರುಕ್ಕು?"

ಇರುವ ಬಾವಿ ಸಾಲದೇ ನಿಮ್ಮ ಅತ್ತೆಗೆ, ಎಂದು ಕೇಳಿದ್ದು. ಅವ್ವ ನಾಚಿಕೆಯಿಂದ ನಕ್ಕಳು. ಅಜ್ಜಿಗೆ ತಮಿಳು ತಿಳಿಯದಿದ್ದರೂ ನಗುವಿನ ಗುರಿ ತಿಳಿಯಿತು. "ನಗ್ಲಿ ಬುಡು. ಅವರೆಕಾಯ್ ಬಿಟ್ಮೇಲೆ ಸೆರಗೊಡ್ಕಂಡ್ ಬತ್ತಾಳೆ," ಎಂದಳು. ಹಾಗೆಯೇ ಆಯಿತು.

ಆ ಮನೆಯಲ್ಲಿ ಊಟಕ್ಕೆ ಒಂದು ಕ್ರಮವಿತ್ತು. ಕಾರ್ಖಾನೆಯ ಸಂಗು, ಅಂದರೆ ಸೈರನ್, ಊದುವ ಮೊದಲು ಅಪ್ಪ ಉಣ್ಣುತ್ತಿದ್ದ. ಆಮೇಲೆ ನಾನು, ಆಮೇಲೆ ಅವ್ವ ಮತ್ತು ಅಜ್ಜಿ. ಅಲ್ಲಿಗೆ ಮನುಷ್ಯರ ಊಟ ಮುಗಿಯಿತು, ಅಜ್ಜಿಯ ಕೆಲಸ ಮುಗಿಯಲಿಲ್ಲ. ಕಲಗಚ್ಚು, ತರಕಾರಿ ಸಿಪ್ಪೆ ಹಾಲಿನವನ ಹಸುವಿಗೆ. ಆಗ ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು ಹಾಲು ಕರೆದು ಕೊಡುತ್ತಿದ್ದರು. ಪಾತ್ರೆಯ ತಳಕ್ಕೆ ಅಂಟಿ ಉಳಿದ ಮುದ್ದೆಯ ಹತ್ತಳೆಯನ್ನು ಗೋಡೆಯ ಮೇಲಿಟ್ಟರೆ ಕಾಗೆಗೆ, ಅಳಿಲಿಗೆ. ಬಾಗಿಲ ಮುಂದಿನ ಅಕ್ಕಿಹಿಟ್ಟಿನ ರಂಗೋಲಿ ಇರುವೆಗೆ. ಯಾರಿಗೂ ಬೇಡವಾದದ್ದು, ಅಗಿದು ಬಿಟ್ಟ ನುಗ್ಗೆಕಾಯಿಯ ನಾರು, ಎಂಜಲೆಲೆ, ಹಣ್ಣಾದ ಎಲೆ, ಮೊಟ್ಟೆಯ ಚಿಪ್ಪು, ಒಲೆಯ ಬೂದಿ ಎಲ್ಲ ಗುಂಡಿಗೆ. ಅದರ ಮೇಲೆ ಹಸುವಿನ ಸಗಣಿ ಒಂದು ಬೊಗಸೆ, ಒಂದು ಚೆಂಬು ನೀರು. ಎರಡು ದಿನಕ್ಕೊಮ್ಮೆ ಅಜ್ಜಿ ಕೋಲಿನಿಂದ ತಿರುವಿ, ನನ್ನ ಕೈ ಹಿಡಿದು ಆ ಕಸದೊಳಗೆ ಇಡಿಸುತ್ತಿದ್ದಳು. ಒಳಗೆ ಬೆಚ್ಚಗಿರುತ್ತಿತ್ತು, ಜ್ವರ ಬಂದವರ ಹೊಟ್ಟೆಯ ಹಾಗೆ.

"ನೋಡು, ಉಣ್ತಾವ್ರೆ. ಉಣ್ಣುವಾಗ ಮೈ ಬಿಸಿ ಆಯ್ತದೆ."

"ಯಾರಜ್ಜಿ?"

"ಕೊನೇ ಪಂಕ್ತಿಯೋರು. ಮದ್ವೆ ಮನೇಲಿ ಬಡಿಸ್ದೋರು, ಪಾತ್ರೆ ತೊಳ್ದೋರು ಕಡೇಲಿ ಕೂತ್ಕತಾರಲ್ಲ, ಅಂಗೆ. ಅವ್ರು ಉಂಡೆದ್ರೇನೇ ಮಗ, ನಾಳೆ ಮೊದಲ್ನೇ ಪಂಕ್ತಿಗೆ ಎಲೆ ಬೀಳೋದು."

ಕೊನೆಯ ಪಂಕ್ತಿಯಲ್ಲಿ ಯಾರುಯಾರಿದ್ದರೆಂದು ನಾನು ನೋಡಿದ್ದೆ. ಬೂಷ್ಟು, ಎರೆಹುಳು, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಸಣ್ಣ ಬೂದು ಹುಳು. ಎಲ್ಲಕ್ಕಿಂತ ದೊಡ್ಡವು ಗೊಬ್ಬರದ ಹುಳುಗಳು, ನನ್ನ ಹೆಬ್ಬೆರಳಷ್ಟು ದಪ್ಪ, ಬೆಣ್ಣೆಯ ಬಣ್ಣ, ಕಂದು ತಲೆ. ಗುಂಡಿ ತಿರುವಿದಾಗ ಕಾಗೆಗಳು ನುಗ್ಗೆ ಮರದಿಂದ ಇಳಿದು ಅವನ್ನು ಹೆಕ್ಕುತ್ತಿದ್ದವು, ಗೊರವಂಕಗಳು ಎರೆಹುಳು ಎಳೆಯುತ್ತಿದ್ದವು. ಮಾಗಿದ ಗೊಬ್ಬರ ಮಡಿಗೆ ಹೋಗಿ ದಂಟಿನ ಸೊಪ್ಪು, ಬಸಳೆ, ಚಪ್ಪರದ ಅವರೆಯಾಗಿ ನಮ್ಮ ತಟ್ಟೆಗೆ ಮರಳಿ ಬರುತ್ತಿತ್ತು. ಅನಘಾ ಚಾರ್ಟಿನಲ್ಲಿ ಬರೆದದ್ದೆಲ್ಲ ಆ ಎರಡು ಸೀರೆ ಉದ್ದದ ಜಾಗದಲ್ಲಿತ್ತು. ಗಿಡುಗ ಒಂದು ಇರಲಿಲ್ಲ.

ಮನೆಯೊಡತಿಗೆ ನನ್ನ ವಯಸ್ಸಿನ ಮಗಳಿದ್ದಳು, ಮಲ್ಲಿಕಾ. ಇಂಗ್ಲಿಷ್ ಶಾಲೆ, ಎರಡು ಜಡೆ, ನೀಲಿ ರಿಬ್ಬನ್ನು. ಮೂರನೆಯ ವರ್ಷ ಪಿತೃಪಕ್ಷದ ದಿನಗಳಲ್ಲಿ ಒಂದು ಸಂಜೆ ಜೋರು ಮಳೆ ಬಂದು ಗುಂಡಿಯಲ್ಲಿ ನೀರು ನಿಂತಿತು. ಬೆಳಗ್ಗೆ ಗೊಬ್ಬರದ ಹುಳುಗಳು ಜೀವ ಉಳಿಸಿಕೊಳ್ಳಲು ಮೇಲೆ ಹತ್ತಿ, ಅಂಗಳ ದಾಟಿ, ಮುಂದಿನ ಮನೆಯ ಅಡುಗೆಮನೆಯ ಹೊಸ್ತಿಲ ತನಕ ಹೋಗಿದ್ದವು. ಮಲ್ಲಿಕಾ ಕಿರುಚಿದಳು. ಆವತ್ತು ಅವಳ ಮನೆಗೆ ಶಾಲೆಯ ಗೆಳತಿಯರು ಬಂದಿದ್ದರು. ಅಮಾವಾಸ್ಯೆ ಕಳೆದ ಮರುದಿನ ಬೊಂಬೆ ಕೂರಿಸಬೇಕು, ಅದಕ್ಕೆ ಮೆಟ್ಟಿಲು ಜೋಡಿಸುತ್ತಿದ್ದರು. ನಾನು ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಿದ್ದೆ.

"ಏಯ್ ಪುಳುವೀಡು! ಉಂಗ ಪುಳು ಎಂಗ ವೀಟುಕ್ಕುಳ್ಳ ವಂದುಡುಚ್ಚು! ವಂದು ಎಡುತ್ತುಟ್ಟು ಪೋ!"

ಹುಳುಮನೆಯವಳೇ, ನಿನ್ನ ಹುಳು ನಮ್ಮ ಮನೆಗೆ ಬಂದಿದೆ, ಬಂದು ಎತ್ತಿಕೊಂಡು ಹೋಗು. ಗೆಳತಿಯರು ನಕ್ಕರು. ನಾನು ಹೋಗಿ ಬರಿಗೈಯಲ್ಲಿ ಹುಳುಗಳನ್ನು ಹೆಕ್ಕಿ ಲಂಗದಲ್ಲಿ ತುಂಬಿಕೊಂಡು ಬಂದೆ. ಒಬ್ಬಳು ಮೂಗು ಮುಚ್ಚಿಕೊಂಡಳು. ಮಲ್ಲಿಕಾಳ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂಬುದನ್ನು ನೀವು ನಂಬಬೇಕು. ಅವಳ ಹಾಗೆ ಆಗಬೇಕು, ಅವಳ ಬೊಂಬೆಗಳ ಮುಂದೆ ಚಾಪೆಯ ಮೇಲೆ ಕೂರಬೇಕು ಎಂಬ ಆಸೆಯೇ ಇತ್ತು. ಸಿಟ್ಟು ಬಂದದ್ದು ಅಜ್ಜಿಯ ಮೇಲೆ, ಅವಳ ಗುಂಡಿಯ ಮೇಲೆ.

ಮಂಚದ ಕಾಲಿಗೆ ಹಾಕಲೆಂದು ಅಪ್ಪ ತಿಗಣೆ ಪುಡಿ ತಂದಿದ್ದ. ದೊಡ್ಡ ತಗಡಿನ ಡಬ್ಬ. ಅಜ್ಜಿಗೆ ಅದರ ವಾಸನೆ ಆಗುತ್ತಿರಲಿಲ್ಲ, ಅದನ್ನು ಹಿತ್ತಲ ಸ್ನಾನದ ಮನೆಯ ಅಟ್ಟದ ಮೇಲೆ ಇಟ್ಟಿದ್ದರು. ಆ ಮಧ್ಯಾಹ್ನ ಅವ್ವ, ಅಜ್ಜಿ ಮಲಗಿದ್ದಾಗ ನಾನು ಡಬ್ಬ ಇಳಿಸಿ, ಇದ್ದಷ್ಟೂ ಪುಡಿಯನ್ನು ಗುಂಡಿಗೆ ಸುರಿದೆ. ಕೋಲಿನಿಂದ ತಿರುವಿದೆ, ಅಜ್ಜಿ ತಿರುವುವ ಹಾಗೆಯೇ. ಒಂದು ಚೆಂಬು ನೀರೂ ಹಾಕಿದೆ. ಖಾಲಿ ಡಬ್ಬದ ಮುಚ್ಚಳ ಹಾಕಿ ಅಟ್ಟದ ಮೇಲೆ ಮೊದಲಿದ್ದ ಹಾಗೆಯೇ ಇಟ್ಟೆ. ಹುಳುಗಳು ಮಾತ್ರ ಸಾಯುತ್ತವೆ ಎಂದುಕೊಂಡಿದ್ದೆ. ಸತ್ತದ್ದನ್ನು ತಿನ್ನುವವರು ಇದ್ದಾರೆ ಎಂದು ದಿನವೂ ನೋಡುತ್ತಿದ್ದವಳು ನಾನೇ, ಆದರೂ ಅದು ನೆನಪಾಗಲಿಲ್ಲ.

ಮರುದಿನ ಬೆಳಗ್ಗೆ ಗುಂಡಿಯ ಮೇಲೆಲ್ಲ ಬಿಳಿ ಹುಳುಗಳು, ಎರೆಹುಳುಗಳು. ಕೆಲವು ಸತ್ತಿದ್ದವು, ಕೆಲವು ಇನ್ನೂ ಮಿಸುಕುತ್ತಿದ್ದವು. ಕಾಗೆಗಳಿಗೆ ಹಬ್ಬ. ಹತ್ತು ಹನ್ನೆರಡು ಇಳಿದವು. ಒಂದು ಹುಳುವಿನ ಮೈಯಲ್ಲಿ ಒಂದು ಚಿಟಿಕೆ ಪುಡಿ ಇದ್ದೀತು. ಆದರೆ ಕಾಗೆ ಒಂದು ಹುಳು ತಿಂದು ಸುಮ್ಮನಾಗುವುದಿಲ್ಲ, ಇಪ್ಪತ್ತು ತಿನ್ನುತ್ತದೆ. ಇಪ್ಪತ್ತು ಚಿಟಿಕೆಯೂ ಅದರ ಹೊಟ್ಟೆಗೇ ಹೋಗುತ್ತದೆ. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಅಮಾಸೆ ಇನ್ನೂ ಐದ್ ದಿನ ಅದೆ, ಆಗ್ಲೇ ಬಂದವ್ರೆ ನೋಡು ನಮ್ಮ ಹಿರೀಕ್ರು," ಎಂದಳು. ನಾನು ನಗಲಿಲ್ಲ.

ಅದರ ಮಾರನೆಯ ಬೆಳಗ್ಗೆ ಬಾವಿಕಟ್ಟೆಯ ಪಕ್ಕ ಒಂದು ಕಾಗೆ ಬಿದ್ದಿತ್ತು. ಕಾಲು ಮಡಚಿ, ಕೊಕ್ಕು ತೆರೆದು. ನುಗ್ಗೆ ಮರದ ತುಂಬ ಕಾಗೆಗಳು ಸೇರಿ ಒಂದೇ ಸಮ ಕೂಗುತ್ತಿದ್ದವು. ಯಾರೂ ಏಳುವ ಮೊದಲು ನಾನು ಅದನ್ನು ಮೊರದಲ್ಲಿ ಎತ್ತಿ ಗೋಡೆಯಾಚೆ ಹಾಕಿದೆ. ಎಷ್ಟು ಹಗುರ ಇತ್ತೆಂದರೆ ಮೊರದಲ್ಲಿ ಏನೂ ಇಲ್ಲವೇನೋ ಅನ್ನಿಸಿತು. ಆವತ್ತೇ ಇನ್ನೊಂದು, ಮರುದಿನ ಮತ್ತೊಂದು. ಎರಡು ಗೊರವಂಕ. ಎಲ್ಲವನ್ನೂ ಗೋಡೆಯಾಚೆ ಹಾಕಿದೆ. ಮೂರನೆಯ ದಿನದಿಂದ ನುಗ್ಗೆ ಮರದ ಮೇಲೆ ಒಂದು ಕಾಗೆಯೂ ಕೂರಲಿಲ್ಲ. ತಮ್ಮವರು ಸತ್ತ ಜಾಗಕ್ಕೆ ಅವು ಬರುವುದಿಲ್ಲ. ಗೋಡೆಯ ಮೇಲಿನ ಮುದ್ದೆಯ ಹತ್ತಳೆ ಒಣಗಿ ಹಾಗೆಯೇ ಉಳಿಯಿತು.

ಅಮಾವಾಸ್ಯೆ ಬಂತು. ನಮ್ಮಲ್ಲಿ ಆ ದಿನ ತೀರಿಕೊಂಡವರಿಗೆ ಎಡೆ ಇಡುವುದು ನಿಮಗೆ ಗೊತ್ತು, ನಾನೂ ಇಡುತ್ತೇನೆ. ಅವ್ವ ಸ್ನಾನ ಮಾಡಿ ಮುದ್ದೆ, ಬಸ್ಸಾರು, ಕಡುಬು ಮಾಡಿದಳು. ಸೊಪ್ಪು ನಮ್ಮ ಮಡಿಯದೇ. ತಾತನ ಪಂಚೆಯ ಮುಂದೆ ಎಲೆ ಹಾಕಿ, ಧೂಪ ಹಾಕಿ, ಒಂದು ಎಲೆಯನ್ನು ಅಪ್ಪ ತಾರಸಿಗೆ ಒಯ್ದ. ಕಾಗೆ ಮುಟ್ಟಿದ ಮೇಲೆ ಮನೆಯವರ ಊಟ, ಅದಕ್ಕೆ ಮೊದಲು ಯಾರೂ ನೀರೂ ಕುಡಿಯುವಂತಿಲ್ಲ. ಅಪ್ಪ ಕೈ ಬಾಯಿಗಿಟ್ಟು ಕಾ ಕಾ ಎಂದು ಕರೆದ. ಸುತ್ತಲ ತಾರಸಿಗಳಲ್ಲೂ ಆ ದಿನ ಅದೇ ಕೂಗು, ಅಲ್ಲೆಲ್ಲ ಕಾಗೆಗಳು ಇಳಿದು ತಿನ್ನುತ್ತಿದ್ದವು. ಪಕ್ಕದ ಮನೆಯ ಗೋಡೆಯ ತನಕ ಎರಡು ಬಂದು, ನಮ್ಮ ಎಲೆಯ ಕಡೆ ಕತ್ತು ಓರೆ ಮಾಡಿ ನೋಡಿ, ತಿರುಗಿ ಹಾರಿಹೋದವು. ಮಧ್ಯಾಹ್ನವಾಯಿತು. ಅಜ್ಜಿ ಮೆಟ್ಟಿಲ ಮೇಲೆ ಕೂತು ಎಲೆಯನ್ನೇ ನೋಡುತ್ತಿದ್ದಳು. ಮುದ್ದೆ ಬಿಸಿಲಿಗೆ ಗಟ್ಟಿಯಾಯಿತು.

"ಊರ್ಗೆಲ್ಲ ಅಮಾಸೆ ಕಣವ್ವ," ಎಂದ ಅಪ್ಪ. "ಎಲ್ಲಾರ್ ಮನೇಲೂ ತಿಂದು ಹೊಟ್ಟೆ ತುಂಬೋಗದೆ ಅವಕ್ಕೆ."

"ಹೋದೊರ್ಷ ಊರ್ಗೆ ಅಮಾಸೆ ಇರ್ನಿಲ್ವಾ?" ಎಂದಳು ಅಜ್ಜಿ.

ಹೊತ್ತು ಮುಳುಗುವಾಗ ಅಜ್ಜಿಯೇ ಹೋಗಿ ಎಲೆ ಎತ್ತಿಕೊಂಡು ಬಂದಳು. ನಡುಮನೆಯಲ್ಲಿ ಕೂತು, ಎಲೆಯನ್ನು ಮಡಿಲಲ್ಲಿಟ್ಟುಕೊಂಡೇ, ನಾವು ಯಾರೂ ಅದುವರೆಗೆ ಕೇಳದಿದ್ದ ಮಾತು ಹೇಳಿದಳು. ತಾತನಿಗೆ ಕೊನೆಗೆ ಹೊಟ್ಟೆಯ ಕಾಯಿಲೆ. ಪಂಡಿತರು ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಅಂದಿದ್ದರು.

"ಒಂದ್ ತುತ್ತು ಮುದ್ದೆ ಕೊಡೇ ಅಂತ ಕೇಳುದ್ರು. ಬಸ್ಸಾರ್ ವಾಸ್ನೆ ಬಂದಿತ್ತು ಅವರ್ಗೆ. ನಾಳೀಕ್ ಕೊಡ್ತೀನಿ ಅಂದೆ. ಕೊಡ್ನಿಲ್ಲ. ಬೆಳಿಗ್ಗೆ ಹೊತ್ಗೆ ಹೋಗ್ಬುಟ್ರು. ನಾನ್ ಕೊಡ್ದೆ ಇದ್ದಿದ್ನ ಈಗ ಅವ್ರು ಬ್ಯಾಡ ಅಂತಾವ್ರೆ. ಸರಿಯಾಗೇ ಅದೆ."

ಆ ರಾತ್ರಿ ನಾವು ಮೂವರೂ ಉಂಡೆವು, ಅಜ್ಜಿ ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನೀರು ಕೊಟ್ಟರೆ ಎರಡು ಗುಟುಕು. ಅವ್ವ ಗಂಜಿ ಮಾಡಿ ತಂದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅಪ್ಪ ರಜೆ ಹಾಕಿ ಡಾಕ್ಟರನ್ನು ಕರೆತಂದ. ಅವರು ನಾಡಿ ನೋಡಿ, ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ಇದ್ದರೆ ವಾರ ಕಳೆಯುವುದಿಲ್ಲ ಎಂದು ಬಾಗಿಲಾಚೆ ಮೆಲ್ಲಗೆ ಹೇಳಿದರು. ನಾನು ಬಾಗಿಲ ಹಿಂದೆಯೇ ಇದ್ದೆ. ಅಪ್ಪ ಅಜ್ಜಿಯ ಕಾಲ ಹತ್ತಿರ ಕೂತು ಮಗುವಿನ ಹಾಗೆ ಗೋಗರೆದ.

"ಅವ್ವ, ನನ್ ಮಕ ನೋಡಿ ಒಸಿ ಕುಡಿಯವ್ವ."

"ಅವ್ರು ಮುಟ್ಟಿದ್ ಮೇಲೆ ನಾನು ಮುಟ್ತೀನಿ ಕಣ್ಲಾ. ನನ್ನ ಬಲವಂತ ಮಾಡ್ಬ್ಯಾಡ."

ಅದೇ ದಿನ ಸಂಜೆ ಮಲ್ಲಿಕಾ ನಮ್ಮ ಬಾಗಿಲಿಗೆ ಬಂದಳು. ಹುಳು ಇಲ್ಲ, ವಾಸನೆ ಇಲ್ಲ, ಹಿತ್ತಲು ಒಣಗಿ ಚೊಕ್ಕಟವಾಗಿತ್ತು. ಕುಂಕುಮದ ಬಟ್ಟಲು ಹಿಡಿದು, "ಜಯಾ, ಕೊಲುವುಕ್ಕು ವಾ," ಎಂದು ಕರೆದಳು. ಬೊಂಬೆ ನೋಡಲು ಬಾ ಎಂದು, ಹೆಸರು ಹಿಡಿದು. ನಾನು ಬೇಕೆಂದು ಬೇಡಿಕೊಂಡದ್ದು ಅದೇ. ಹೋದೆ. ಮೆಟ್ಟಿಲ ಮೇಲೆ ರಾಜ, ರಾಣಿ, ದೇವರು, ಕೆಳಗಿನ ಮೆಟ್ಟಿಲಲ್ಲಿ ದಿನಸಿ ಅಂಗಡಿಯ ಚೆಟ್ಟಿಯಾರ್ ದಂಪತಿ. ಮಲ್ಲಿಕಾಳ ತಾಯಿ ಕೈಗೆ ಕಡಲೆಕಾಳಿನ ಸುಂಡಲ್ ಕೊಟ್ಟರು. ಒಂದು ಕಾಳು ಬಾಯಿಗಿಟ್ಟೆ. ಗೋಡೆಯಾಚೆ ಅಜ್ಜಿ ನಾಲ್ಕು ದಿನದಿಂದ ಉಂಡಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ಕಾಳನ್ನು ಅಂಗೈಗೆ ಉಗುಳಿಕೊಂಡು ಎದ್ದು ಬಂದೆ.

ಹೇಳಬೇಕೆಂದು ಎಷ್ಟು ಸಲ ಹೋಗಿ ಅಜ್ಜಿಯ ಬೆನ್ನ ಹಿಂದೆ ನಿಂತೆನೋ. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಅಪ್ಪ ಹೊಡೆದಾನು ಎಂಬ ಹೆದರಿಕೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ಅದಕ್ಕಿಂತ ದೊಡ್ಡದು, ನಾನು ಕೊಂದದ್ದು ಬರೀ ಕಾಗೆಯನ್ನಲ್ಲ, ತಾತನನ್ನೇ ಮತ್ತೊಮ್ಮೆ ಕೊಂದೆ ಎಂಬ ಭಯ. ಐದನೆಯ ದಿನ ಬೆಳಗ್ಗೆ ಅಪ್ಪ ಡಾಕ್ಟರ ಹತ್ತಿರ ಹೋಗಿದ್ದ, ಅವ್ವ ಬಾವಿಯ ಹತ್ತಿರ ಇದ್ದಳು. ನಾನು ಅಟ್ಟದಿಂದ ಡಬ್ಬ ಇಳಿಸಿ ತಂದು, ಅಜ್ಜಿಯ ಕೈ ಹಿಡಿದು, ಆ ಕೈಯಲ್ಲಿ ಇಟ್ಟೆ. ಅವಳಿಗೆ ಓದು ಬಾರದು. ಮೂಗಿಗೆ ಹಿಡಿದು ನೋಡಿದಳು. ಅಲ್ಲಾಡಿಸಿದಳು.

"ಖಾಲಿ ಆಗದಲ್ಲ. ತುಂಬ ಇತ್ತು ಇದು."

ಅವಳು ನನ್ನ ಕಡೆ ತಿರುಗಿದಳು.

"ಎಲ್ಲಿಗೋಯ್ತು ಮಗ?"

"ಗುಂಡೀಗೆ," ಎಂದೆ. ಆ ಒಂದು ಮಾತು ಹೊರಗೆ ಬಂದ ಮೇಲೆ ಉಳಿದದ್ದು ನಿಲ್ಲಲಿಲ್ಲ. ಹುಳು ಹೆಕ್ಕಿದ್ದು, ಪುಡಿ ಸುರಿದದ್ದು, ಕಾಗೆ ತಿಂದದ್ದು, ಮೊರದಲ್ಲಿ ಎತ್ತಿ ಹಾಕಿದ್ದು ಎಲ್ಲ ಹೇಳಿದೆ. ಜೀವಮಾನದಲ್ಲಿ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಅಜ್ಜಿ ಗೋಡೆ ಹಿಡಿದು ಎದ್ದು ಕೂತಳು. ಹೊಡೆಯುತ್ತಾಳೆ ಎಂದುಕೊಂಡು ಕಣ್ಣು ಮುಚ್ಚಿದೆ.

"ನಿಮ್ ತಾತ ಮುನಿಸ್ಕಂಡಿರ್ನಿಲ್ವಾ ಅಂಗಾರೆ?"

"ಇಲ್ಲಜ್ಜಿ. ನಾನು."

ಅವಳು ಅತ್ತಳು. ತಾತ ಸತ್ತಾಗಲೂ ಅಜ್ಜಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಭುಜ ಅಲುಗುವ ಹಾಗೆ, ತುಂಬ ಹೊತ್ತು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು:

"ಎಷ್ಟು?"

"ಮೂರು ಕಾಗೆ. ಎರಡು ಗೊರವಂಕ."

"ನಡಿ. ಮೊದ್ಲು ಅವಕ್ಕೆ ಮಣ್ಣು ಕೊಡವ."

ಐದು ದಿನ ಉಣ್ಣದವಳು ನನ್ನ ಹೆಗಲ ಮೇಲೆ ಭಾರ ಹಾಕಿ ನಡೆದಳು. ಗಲ್ಲಿ ಸುತ್ತಿಕೊಂಡು ಹಿಂದಿನ ಖಾಲಿ ಜಾಗಕ್ಕೆ ಹೋದೆವು. ಸತ್ತ ಹಕ್ಕಿಗಳಿಗೆ ಮುತ್ತಿದ ಇರುವೆಗಳೂ ಸತ್ತು ರಾಶಿ ಬಿದ್ದಿದ್ದವು, ಪುಡಿ ಅವುಗಳ ತನಕವೂ ಹೋಗಿತ್ತು. ಅಜ್ಜಿ ಅದನ್ನು ಬಗ್ಗಿ ನೋಡಿದಳು. ನಾನು ಮೊಣಕೈ ಆಳಕ್ಕೆ ತೋಡಿದೆ. ಅವಳು ಹಕ್ಕಿಗಳನ್ನು ಒಂದೊಂದಾಗಿ ಎಲೆಯಲ್ಲಿ ಸುತ್ತಿ ಇಟ್ಟಳು, ಇರುವೆಗಳನ್ನೂ ಮಣ್ಣಿನ ಸಮೇತ ಬಾಚಿ ಹಾಕಿದಳು. ಮನೆಗೆ ಬಂದು ಕೈಕಾಲು ತೊಳೆದು, ಒಲೆಯ ಮುಂದೆ ಕೂತು, ಅವ್ವನಿಗೆ ಹೇಳಿದಳು: "ಒಸಿ ಗಂಜಿ ಕಾಯ್ಸವ್ವ." ಅವ್ವ ಕೊಡವನ್ನು ಅಲ್ಲೇ ಬಿಟ್ಟು ಓಡಿಬಂದಳು. ಅಜ್ಜಿ ಕುಡಿಯುವಾಗ ಅವಳ ಗಂಟಲು ಏರಿ ಇಳಿಯುವುದನ್ನು ನಾನು ಎಣಿಸುವವಳಂತೆ ನೋಡುತ್ತಾ ನಿಂತಿದ್ದೆ. ಅಪ್ಪ ಡಾಕ್ಟರ ಹತ್ತಿರದಿಂದ ಬಂದು, ಖಾಲಿಯಾದ ಬಟ್ಟಲು ನೋಡಿ, ಯಾಕವ್ವ, ಏನಾಯ್ತು ಎಂದು ಕೇಳಿದಾಗ ಅಜ್ಜಿ ನನ್ನ ಕಡೆ ತಿರುಗದೆ ಹೇಳಿದಳು:

"ಊರ್ಗೆಲ್ಲ ಅಮಾಸೆ. ಹೊಟ್ಟೆ ತುಂಬಿತ್ತು ಅವಕ್ಕೆ. ನೀನೇ ಅಂದ್ಯಲ್ಲ."

ಅಪ್ಪ ಹೂಂ ಎಂದ. ಅವನು ನಂಬಿದ ಎಂದು ನಾನು ಅಂದುಕೊಂಡೆ. ಅಜ್ಜಿ ಆ ವಿಷಯ ಯಾರಿಗೂ ಹೇಳಲಿಲ್ಲ. ಹೇಳಬೇಡ ಎಂದು ನನಗೂ ಅನ್ನಲಿಲ್ಲ.

ಶಿಕ್ಷೆ ಬೇರೆಯೇ ಬಂತು. ಹಳೆಯ ಗುಂಡಿಯನ್ನು ನಾನೇ ಮಣ್ಣು ಹೊತ್ತು ಮುಚ್ಚಿದೆ, ಅದರ ಗೊಬ್ಬರ ಯಾವ ಗಿಡಕ್ಕೂ ಹೋಗಬಾರದು ಎಂದು ಅಜ್ಜಿ ಮೇಲೆ ಕಲ್ಲು ಇಡಿಸಿದಳು. ಬಾವಿಯಿಂದ ದೂರ, ಇನ್ನೊಂದು ಮೂಲೆಯಲ್ಲಿ ಹೊಸ ಗುಂಡಿ. ದಿನವೂ ಬೆಳಗ್ಗೆ ನಾನು ಅದನ್ನು ನೋಡಿ ಯಾರು ಬಂದಿದ್ದಾರೆ ಎಂದು ಅಡುಗೆಮನೆಯೊಳಗೆ ಕೂತ ಅವಳಿಗೆ ಕೇಳುವ ಹಾಗೆ ಕೂಗಿ ಹೇಳಬೇಕು. ಮೆಲ್ಲಗೆ ಹೇಳಿದರೆ ಒಳಗಿನಿಂದ, "ಏನು? ಕೇಳ್ನಿಲ್ಲ!" ಎಂದು ಬರುತ್ತಿತ್ತು. ಅವಳ ಕಿವಿ ಚೆನ್ನಾಗಿಯೇ ಇತ್ತು. ಮೊದಮೊದಲು ಯಾರೂ ಇಲ್ಲ ಎಂದೇ ಕೂಗುತ್ತಿದ್ದೆ. ಎಲೆ ಎಲೆಯಾಗಿಯೇ, ಸಿಪ್ಪೆ ಸಿಪ್ಪೆಯ ಹಾಗೆಯೇ ಕಪ್ಪಾಗಿ ಬಿದ್ದಿರುತ್ತಿದ್ದವು. ಆಮೇಲೆ ಒಂದು ದಿನ ಬಿಳಿ ಬೂಷ್ಟು, ತೆಂಗಿನ ಕರಟದ ಒಳಗೆ ಹತ್ತಿಯ ಹಾಗೆ. ದೊಡ್ಡ ಮಳೆಗಾಲ ಹಿಡಿದ ಮೇಲೆ ಬೂದು ಹುಳು, ಅದರ ಹಿಂದೆ ಇರುವೆ. ದೀಪಾವಳಿ ಕಳೆದು ಎಷ್ಟೋ ದಿನಕ್ಕೆ ಮೊದಲ ಎರೆಹುಳು. "ಎರೆಹುಳ ಬಂತಜ್ಜೀ!" ಎಂದು ನಾನು ಕೂಗಿದ್ದು ಮುಂದಿನ ಮನೆಗೂ ಕೇಳಿಸಿತು. ಮಲ್ಲಿಕಾ ಓಡಿಬಂದು ನೋಡಿ, "ಐಯ್ಯೇ!" ಎಂದು ಮುಖ ಸಿಂಡರಿಸಿದಳು. ನಾನು ತಲೆ ತಗ್ಗಿಸಲಿಲ್ಲ. ಕೈ ಮೇಲೆ ಇಟ್ಟುಕೊಂಡು ತೋರಿಸಿದೆ. ಎರೆಹುಳು ಬಂದ ಮೇಲೆ ಕಪ್ಪೆ, ಗೊರವಂಕ. ಕಾಗೆ ಬಂದದ್ದು ಎಲ್ಲರಿಗಿಂತ ತಡವಾಗಿ, ಅವರೆ ಚಪ್ಪರ ಒಣಗುವ ಹೊತ್ತಿಗೆ. ಕೊನೆಯ ಪಂಕ್ತಿಯವರು ಬಂದು ಕೂರುವ ತನಕ ಮೇಲಿನ ಪಂಕ್ತಿಯವರು ಕಾಯಲೇಬೇಕೆಂದು ನಾನು ಕಲಿತದ್ದು ಹೀಗೆ. ಗಟ್ಟಿಯಾಗಿ ಮಾತಾಡುವುದನ್ನು ಕಲಿತದ್ದೂ ಅಲ್ಲಿಯೇ. ಅಜ್ಜಿ ಇನ್ನೂ ಏಳು ವರ್ಷ ಬದುಕಿದಳು, ಪ್ರತಿ ಅಮಾವಾಸ್ಯೆಯೂ ಮುದ್ದೆ ಉಂಡಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಬಾಯಲ್ಲೇ ಹೇಳುತ್ತಿದ್ದೆ. ಅಪ್ಪ ಕೊನೆಯ ವರ್ಷ ನಮ್ಮ ಜೊತೆ ಈ ಫ್ಲ್ಯಾಟಿನಲ್ಲೇ ಇದ್ದ. ನೀವಿನ್ನೂ ಹುಟ್ಟಿರಲಿಲ್ಲ. ಅಮಾವಾಸ್ಯೆಯ ದಿನ ನಾನು ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಎಲೆ ಇಟ್ಟೆ, ಅವನು ಕೋಲು ಊರಿಕೊಂಡು ಲಿಫ್ಟಿನಲ್ಲಿ ಬಂದು ನೀರಿನ ಟ್ಯಾಂಕಿನ ನೆರಳಲ್ಲಿ ಕೂತ. ಇಟ್ಟ ಕೂಡಲೇ ಕಾಗೆ ಬಂತು. ಅಪ್ಪ ಅದನ್ನು ನೋಡುತ್ತಾ ನನಗೆ ಹೇಳಿದ:

"ಈಗ ಬತ್ತದೆ ನೋಡು. ಅವತ್ತು ಬರ್ನಿಲ್ಲ. ಅವ್ವ ತನ್ ಮ್ಯಾಲೆ ಅಂದ್ಕತ್ತು. ಅಲ್ಲ ಕಣವ್ವ. ನಾನು ಹೊಲ ಬುಟ್ಟು ಬಂದ್ನಲ್ಲ, ಅದುಕ್ಕೆ. ಅಪ್ಪಯ್ಯಂಗೆ ನನ್ ಮ್ಯಾಲೆ ಸಿಟ್ಟು. ಅದುಕ್ಕೇ ನಾನು ಆಮೇಕೆ ಊರ್ಗೆ ಹೋಗಿ ಅವ್ರ ಸಮಾಧಿಗೆ ಮಕ ತೋರ್ಸ್ನಿಲ್ಲ."

ಅವನು ಊರಿಗೆ ಹೋಗದೇ ಇದ್ದದ್ದು ನಮಗೆಲ್ಲ ಗೊತ್ತಿತ್ತು. ಕಾರ್ಖಾನೆಯಲ್ಲಿ ರಜೆ ಸಿಗುವುದಿಲ್ಲ ಎನ್ನುತ್ತಿದ್ದ, ನಿವೃತ್ತಿಯಾದ ಮೇಲೆ ಮಂಡಿ ನೋವು ಎನ್ನುತ್ತಿದ್ದ. ಅಣ್ಣತಮ್ಮಂದಿರ ಮಕ್ಕಳ ಮದುವೆಗೂ ಹೋಗಲಿಲ್ಲ. ಅಷ್ಟು ವರ್ಷ ಅವನು ಆ ಮಾತನ್ನು ಒಳಗಿಟ್ಟುಕೊಂಡಿದ್ದ. ನನಗಾಗ ಐವತ್ತು ದಾಟಿತ್ತು. ಬಾಯಿ ಚೆನ್ನಾಗಿ ಬರುತ್ತಿತ್ತು, ಅಂಗಡಿಯವನ ಹತ್ತಿರ, ಸೊಸೈಟಿಯ ಮೀಟಿಂಗಿನಲ್ಲಿ ಜಗಳ ಆಡುತ್ತಿದ್ದೆ. ಅಪ್ಪಾ, ಅದು ನಾನು ಎನ್ನುವುದಕ್ಕೆ ಎರಡೇ ಮಾತು ಬೇಕಿತ್ತು. ಇಷ್ಟು ವಯಸ್ಸಾದವನಿಗೆ ಈಗ ಹೇಳಿದರೆ ಕಳೆದ ಅಷ್ಟು ವರ್ಷವೂ ಸುಮ್ಮಸುಮ್ಮನೆ ಕಳೆದದ್ದೆಂದು ತಿಳಿದು ಇನ್ನೂ ನೊಂದಾನು ಅನ್ನಿಸಿತು. ನಾಳೆ ಹೇಳೋಣ ಅಂದುಕೊಂಡೆ. ಎಲೆ ಎತ್ತಿಕೊಂಡು, ಅವನ ಕೈ ಹಿಡಿದು ಕೆಳಗೆ ಕರೆತಂದೆ, ಬಡಿಸಿದೆ. ಎರಡು ತಿಂಗಳಾದ ಮೇಲೆ ಅವನು ಹೋದ. ಆ ಎರಡು ತಿಂಗಳಲ್ಲಿ ಅರವತ್ತು ನಾಳೆಗಳಿದ್ದವು.

ನಾನು ಹೇಳಬೇಕಾದವರು ಇಬ್ಬರಿದ್ದರು, ಒಬ್ಬರಿಗೆ ಮಾತ್ರ ಹೇಳಿದೆ. ಅಪ್ಪನ ಮಾತನ್ನು ಆ ದಿನ ತಾರಸಿಯಲ್ಲಿ ನಿಮ್ಮ ಅಮ್ಮನೂ ಕೇಳಿಸಿಕೊಂಡಿದ್ದಾಳೆ. ಅಪ್ಪನ ಮೇಲೆ ನನ್ನ ತಾತನಿಗಿದ್ದ ಸಿಟ್ಟಿನಿಂದ ಕಾಗೆ ಬರಲಿಲ್ಲ ಎಂದೇ ಅವಳು ಇವತ್ತಿಗೂ ಹೇಳುತ್ತಾಳೆ, ನೀವೂ ಅದನ್ನೇ ಕೇಳಿರುತ್ತೀರಿ. ಈಗ ಅವಳೇ ಇದನ್ನು ಓದುತ್ತಿರುವುದರಿಂದ, ಅವಳ ಧ್ವನಿ ಇಲ್ಲಿ ನಿಂತರೆ ಸ್ವಲ್ಪ ಹೊತ್ತು ಬಿಡಿ, ಅವಸರ ಮಾಡಬೇಡಿ. ಓದಿ ಮುಗಿದ ಮೇಲೆ ಈ ಹಾಳೆಗಳನ್ನು ಒಂದು ಒಣ ಜಾಗದಲ್ಲಿ ಇಟ್ಟುಕೊಳ್ಳಿ. ಚೆನ್ನೈಯ ತೇವಕ್ಕೆ ಶಾಯಿ ಹರಡುತ್ತದೆ, ಆಗಾಗ ತೆಗೆದು ಬಿಸಿಲಿಗೆ ಹಾಕಿ. ಬೇರೆ ಎಲ್ಲಿಯೂ ನಾನಿದನ್ನು ಬರೆದಿಲ್ಲ. ಇದು ಕಳೆದುಹೋದರೆ ನಮ್ಮ ಮನೆಯಲ್ಲಿ ಉಳಿಯುವುದು ಅಪ್ಪ ನಂಬಿ ಹೋದದ್ದು ಮಾತ್ರ.